ಹಣ್ಣಿನ ಸ್ಟಿಕ್ಕರ್ ಬಿಟ್ಟರೆ ಬೇರೇನು? ಅಂಗಡಿಗೆ, ತೋಟಕ್ಕೆ, ರಫ್ತಿಗೆ ಯಾವುದು ಸರಿ

ಹೋದ ತಿಂಗಳು ಗೊಬ್ಬರದ ಮಡಕೆ ಖಾಲಿ ಮಾಡಿ ಜರಡಿ ಹಿಡಿದೆ. ಆರು ತಿಂಗಳ ಸಿಪ್ಪೆ, ಕಾಫಿ ಗಸಿ, ಒಣಗಿದ ಎಲೆ ಎಲ್ಲ ಕರಗಿ ಕಪ್ಪು ಮಣ್ಣಾಗಿತ್ತು. ಮಾವಿನ ವಾಟೆ ಕೂಡ ಮೆತ್ತಗಾಗಿತ್ತು. ಜರಡಿಯಲ್ಲಿ ಉಳಿದದ್ದು ಹನ್ನೊಂದು ಸ್ಟಿಕ್ಕರ್. ಒಂದರ ಮೇಲೆ ಕೆಂಪು ಅಕ್ಷರದಲ್ಲಿ ‘ಬೆಸ್ಟ್ ಕ್ವಾಲಿಟಿ’ ಅಂತಿತ್ತು, ಬಣ್ಣ ಒಂಚೂರೂ ಮಾಸಿರಲಿಲ್ಲ. ಸೇಬು ಹೇಗಿತ್ತೋ ನೆನಪಿಲ್ಲ. ಸ್ಟಿಕ್ಕರ್ ಮಾತ್ರ ನಿಜವಾಗಿಯೂ ಒಳ್ಳೇ ಕ್ವಾಲಿಟಿಯದು.

ಅದರ ಫೋಟೊ ಹಾಕಿದ ಮೇಲೆ ಕೆಲವರು ಪ್ರಶ್ನೆ ಕಳಿಸಿದರು. ಮೈಸೂರಿನಲ್ಲಿ ಹಣ್ಣಿನ ಅಂಗಡಿ ಇಟ್ಟಿರುವ ಒಬ್ಬರು, ‘ಸ್ಟಿಕ್ಕರ್ ಇಲ್ದಿದ್ರೆ ಗಿರಾಕಿಗಳು ಹಣ್ಣು ಲೋಕಲ್ ಅಂದ್ಕೋತಾರೆ, ಏನ್ ಮಾಡ್ಲಿ?’ ಅಂದರು. ಹಿರಿಯೂರು ಕಡೆಯ ದಾಳಿಂಬೆ ಬೆಳೆಗಾರರ ಗುಂಪಿನವರೊಬ್ಬರು, ಗೊಬ್ಬರವಾಗುವ ಸ್ಟಿಕ್ಕರ್ ತರಿಸಬೇಕೋ ಲೇಸರ್ ಗುರುತು ಹಾಕಿಸಬೇಕೋ ಎಂದು ಕೇಳಿದರು. ಇಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ತೂಗಿ ನೋಡೋಣ ಅನ್ನಿಸಿತು.

ಮೊದಲು, ನಿಮ್ಮ ಸ್ಟಿಕ್ಕರ್ ಏನು ಕೆಲಸ ಮಾಡುತ್ತಿದೆ?

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ತೀರ್ಮಾನ ಆದ ಹಾಗೆ.

ಹಣ್ಣಿಗೆ ಹೆಸರು ಅಂಟಿಸುವ ಚಾಳಿ ಹಳೆಯದು. ಫೈಫ್ಸ್ ಕಂಪನಿ 1929ರಲ್ಲೇ ಬಾಳೆಹಣ್ಣಿಗೆ ನೀಲಿ ಚೀಟಿ ಅಂಟಿಸಿತ್ತು. 1990ರಿಂದ ಪಿಎಲ್‌ಯು ಸಂಖ್ಯೆ ಬಂತು. ಸೂಪರ್‌ಮಾರ್ಕೆಟ್‌ನ ಬಿಲ್ಲಿಂಗ್‌ನವರು ಹಣ್ಣಿನ ತಳಿ ಗುರುತಿಸಿ ಸರಿಯಾದ ಬೆಲೆ ಹಾಕಲಿ ಅಂತ ಮಾಡಿದ ಸಂಖ್ಯೆ ಅದು. 4011 ಅಂದರೆ ಮಾಮೂಲಿ ಹಳದಿ ಬಾಳೆ. ಮುಂದೆ 9 ಸೇರಿಸಿ 94011 ಅಂತ ಇದ್ದರೆ ಸಾವಯವ ಬಾಳೆ. 8ರಿಂದ ಶುರುವಾದರೆ ಕುಲಾಂತರಿ ಹಣ್ಣು, ಮುಟ್ಟಬೇಡಿ ಅಂತ ವಾಟ್ಸಾಪ್‌ನಲ್ಲಿ ಒಂದು ಸಂದೇಶ ವರ್ಷಕ್ಕೆರಡು ಸಲ ಬರುತ್ತದಲ್ಲ, ಅದನ್ನು ಅಲ್ಲೇ ಅಳಿಸಿ. ಆ 8 ಕಾಗದದ ಮೇಲಷ್ಟೇ ಇತ್ತು, ಅಂಗಡಿಯ ಹಣ್ಣಿನ ಮೇಲೆ ಯಾವತ್ತೂ ಬರಲಿಲ್ಲ. ಈ ಸಂಖ್ಯೆ ಔಷಧಿ ಹೊಡೆದಿದ್ದಾರಾ ಇಲ್ಲವಾ ಅನ್ನುವುದನ್ನೂ ಹೇಳುವುದಿಲ್ಲ.

ನಮ್ಮ ಕಡೆ ಆ ಸಂಖ್ಯೆಯಿಂದ ಬಿಲ್ ಮಾಡುವುದನ್ನು ನಾನಂತೂ ನೋಡಿಲ್ಲ. ತೂಕದ ಮೆಷಿನ್ ಹತ್ತಿರ ನಿಂತಿರುವ ಹುಡುಗ ಹಣ್ಣು ನೋಡುತ್ತಾನೆ, ಅಂಗಡಿಯದೇ ಕೋಡ್ ಒತ್ತುತ್ತಾನೆ, ಚೀಲದ ಮೇಲೆ ಬಾರ್‌ಕೋಡ್ ಅಂಟಿಸುತ್ತಾನೆ. ತಳ್ಳುಗಾಡಿಯಲ್ಲಂತೂ ಕೋಡಿನ ಮಾತೇ ಇಲ್ಲ. ಅಲ್ಲಿನ ಸ್ಟಿಕ್ಕರ್ ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ರೋಲ್‌ಗಟ್ಟಲೆ ಸಿಗುವ ‘ಎಕ್ಸ್‌ಪೋರ್ಟ್ ಕ್ವಾಲಿಟಿ’. ಯಾರು ಬೇಕಾದರೂ ಕೊಳ್ಳಬಹುದು, ಯಾವ ಹಣ್ಣಿಗೆ ಬೇಕಾದರೂ ಅಂಟಿಸಬಹುದು. ನಾನು ಒಮ್ಮೆ ಸ್ಟಿಕ್ಕರ್ ಕಿತ್ತು ನೋಡಿದರೆ ಕೆಳಗೆ ಹೆಬ್ಬೆರಳು ಹೋಗುವಷ್ಟು ಕೊಳೆತ ಕಲೆ.

2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಇದರ ಬಗ್ಗೆಯೇ ಒಂದು ಸಲಹಾ ಟಿಪ್ಪಣಿ ಹೊರಡಿಸಿತು. ಇಲ್ಲಿ ಸ್ಟಿಕ್ಕರ್ ಬಳಕೆಯಾಗುವುದು ಹೆಚ್ಚಾಗಿ ಮಾಲು ದುಬಾರಿಯದು ಅನ್ನಿಸಲಿ ಅಂತ, ಇಲ್ಲವೇ ಕೊಳೆತ ಜಾಗ ಮುಚ್ಚಲಿಕ್ಕೆ. ಅಂಟಿನಲ್ಲಿ ಏನಿದೆ ಅಂತ ಗೊತ್ತಿರುವುದಿಲ್ಲ, ಆದ್ದರಿಂದ ಅಂಟಿಸದಿರುವುದೇ ಒಳ್ಳೆಯದು ಅನ್ನುವುದು ಅದರ ಸಾರ. ನಿಷೇಧ ಅಲ್ಲ, ಸಲಹೆ. 2022ರ ಜುಲೈ 1ರಿಂದ ದೇಶದಲ್ಲಿ ನಿಂತ ಏಕಬಳಕೆ ಪ್ಲಾಸ್ಟಿಕ್‌ಗಳ ಪಟ್ಟಿಯಲ್ಲಿ ಸ್ಟ್ರಾ, ಚಮಚ, ಸಿಹಿತಿಂಡಿ ಡಬ್ಬಿಗೆ ಸುತ್ತುವ ಹಾಳೆ ಎಲ್ಲ ಇವೆ. ಹಣ್ಣಿನ ಸ್ಟಿಕ್ಕರ್ ಇಲ್ಲ. ಹಾಗಾಗಿ ಇಲ್ಲಿ ಯಾರೂ ನಿಮ್ಮನ್ನು ಬಲವಂತ ಮಾಡುತ್ತಿಲ್ಲ. ಬಿಡುವುದಾದರೆ ನೀವಾಗಿಯೇ ಬಿಡಬೇಕು.

ಯಾವುದರಿಂದ ಅಳೆಯೋದು

ನಾನು ಇಟ್ಟುಕೊಂಡ ಅಳತೆಗಳು ಇವು. ಆ ಗುರುತನ್ನು ಓದುವವರು ಯಾರು? ಗಿರಾಕಿಯಾ, ಬಿಲ್ಲಿಂಗ್‌ನವರಾ, ಬಂದರಿನ ಅಧಿಕಾರಿಯಾ? ಓದುವವರೇ ಇಲ್ಲದಿದ್ದರೆ ಮಿಕ್ಕಿದ್ದನ್ನು ನೋಡುವುದೇ ಬೇಡ. ಎರಡನೆಯದು, ಕೊನೆಗೆ ಅದು ಹೋಗಿ ಸೇರುವುದೆಲ್ಲಿ? ಸ್ಟಿಕ್ಕರ್ ಸಿಪ್ಪೆಯ ಜೊತೆ ಹಸಿ ಕಸಕ್ಕೇ ಹೋಗುತ್ತದೆ. ಉಗುರಿನಷ್ಟು ಪ್ಲಾಸ್ಟಿಕ್ಕನ್ನು ಆರಿಸಿ ಮರುಬಳಕೆ ಮಾಡುವವರು ಯಾರೂ ಇಲ್ಲ. ಮೂರನೆಯದು, ಕೋಲ್ಡ್ ಸ್ಟೋರೇಜ್ ತೇವ, ಲಾರಿಯ ಕುಲುಕಾಟ ತಡೆಯುತ್ತದಾ? ನಾಲ್ಕನೆಯದು, ಬೇರೆಯವರು ಸುಲಭವಾಗಿ ನಕಲು ಮಾಡಬಹುದಾ?

ಐದನೆಯದು ಖರ್ಚು. ಇಲ್ಲಿ ತುಂಬಾ ಜನ ಎಡವುತ್ತಾರೆ. ಒಂದು ಸ್ಟಿಕ್ಕರ್‌ಗೆ ಎಷ್ಟು ಅಂತ ನೋಡಬೇಡಿ, ಒಂದು ಕೆಜಿಗೆ ಎಷ್ಟು ಬೀಳುತ್ತದೆ ನೋಡಿ. ಕಾಲು ಕೆಜಿ ತೂಗುವ ದಾಳಿಂಬೆಯಾದರೆ ಕೆಜಿಗೆ ನಾಲ್ಕು ಸ್ಟಿಕ್ಕರ್, ಟನ್ನಿಗೆ 4,000. ನೂರು ಗ್ರಾಂ ಸಪೋಟ ಆದರೆ ಟನ್ನಿಗೆ 10,000. ಕೂಲಿಯನ್ನೂ ಸೇರಿಸಿ. ಒಂದಕ್ಕೆ ಎರಡೇ ಸೆಕೆಂಡ್ ಅಂದುಕೊಂಡರೂ ಒಂದು ಟನ್ ದಾಳಿಂಬೆಗೆ ಎರಡು ಗಂಟೆ ಮೇಲೆ, ಸಪೋಟಕ್ಕೆ ಐದೂವರೆ ಗಂಟೆ. ಆ ಲೆಕ್ಕ ಹಾಕಿದ ದಿನವೇ ಸಪೋಟದವರು ಅರ್ಧ ಜನ ಸ್ಟಿಕ್ಕರ್ ಬಿಡುತ್ತಾರೆ.

ಏನೂ ಅಂಟಿಸದೆ ಬೋರ್ಡ್ ಇಡೋದು

ನನ್ನ ಮಟ್ಟಿಗೆ ಹತ್ತರಲ್ಲಿ ಎಂಟು ಜನಕ್ಕೆ ಇದೇ ಸರಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಅನ್ನಬೇಡಿ.

ಹಾಪ್‌ಕಾಮ್ಸ್ ಮಳಿಗೆ ನೋಡಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು. ಹಣ್ಣು ತರಕಾರಿ ರಾಶಿ ಹಾಕಿರುತ್ತಾರೆ, ಪಕ್ಕದಲ್ಲಿ ದರದ ಬೋರ್ಡ್. ಅಷ್ಟೇ. ಇಷ್ಟು ವರ್ಷ ಜನ ಬೋರ್ಡ್ ಓದಿಕೊಂಡೇ ಕೊಂಡಿದ್ದಾರೆ.

ಬೋರ್ಡ್ ಮೇಲೆ ಸ್ಟಿಕ್ಕರ್‌ಗಿಂತ ಜಾಸ್ತಿ ಹೇಳಬಹುದು. ‘ಸೇಬು 180’ ಅಂತ ಬರೆದರೆ ಅದು ಬೆಲೆ ಮಾತ್ರ. ‘ಹಿರಿಯೂರು ದಾಳಿಂಬೆ, ಸೋಮವಾರ ಬಂದದ್ದು, ಸಿಪ್ಪೆ ಸ್ವಲ್ಪ ಕಲೆ, ಒಳಗೆ ಕೆಂಪು’ ಅಂತ ಬರೆದು ನೋಡಿ. ಒಂದು ಹಣ್ಣು ಹೋಳು ಮಾಡಿ ಪಕ್ಕದಲ್ಲಿಡಿ. ‘ಲೋಕಲ್’ ಅನ್ನುವುದು ಆಗ ಬೈಗುಳ ಅಲ್ಲ.

ತೊಂದರೆಯೂ ಇದೆ. ಎರಡು ಬೆಲೆಯ ಒಂದೇ ಹಣ್ಣು ಅಕ್ಕಪಕ್ಕ ಇದ್ದರೆ, ಉದಾಹರಣೆಗೆ ಸಾವಯವ ಟೊಮೆಟೊ ಮತ್ತು ಮಾಮೂಲಿ ಟೊಮೆಟೊ, ಗಿರಾಕಿಯ ಕೈಯಲ್ಲಿ ಬೆರೆತೇ ಬೆರೆಯುತ್ತವೆ. ಸ್ಟಿಕ್ಕರ್ ಪರವಾಗಿರುವ ಗಟ್ಟಿ ವಾದ ಇದೊಂದೇ. ಸಣ್ಣ ಅಂಗಡಿಯಲ್ಲಿ ಬೇರೆ ಬಣ್ಣದ ಕ್ರೇಟು, ಬೇರೆ ಮೂಲೆ ಸಾಕಾಗುತ್ತದೆ. ದೊಡ್ಡ ಅಂಗಡಿಯಲ್ಲಿ ಸಾಕಾಗುವುದಿಲ್ಲ. ಅಲ್ಲಿ ಏನು ಮಾಡುತ್ತಾರೆ ಗೊತ್ತಾ? ಸಾವಯವ ಹಣ್ಣನ್ನು ತಟ್ಟೆಯಲ್ಲಿಟ್ಟು ಪ್ಲಾಸ್ಟಿಕ್ ಹಾಳೆ ಸುತ್ತಿಬಿಡುತ್ತಾರೆ. ಸ್ಟಿಕ್ಕರ್ ತೆಗೆದು ಈ ಕಡೆಗೆ ಹೋಗುವುದಾದರೆ ದಯವಿಟ್ಟು ಸ್ಟಿಕ್ಕರ್ರೇ ಇರಲಿ. ಒಂದು ತಟ್ಟೆಯ ಪ್ಲಾಸ್ಟಿಕ್ಕಿನಲ್ಲಿ ನೂರಾರು ಸ್ಟಿಕ್ಕರ್ ಆಗುತ್ತವೆ.

ಕಾಗದದ ಪಟ್ಟಿ, ಚೀಟಿ, ಪೆಟ್ಟಿಗೆ

ಹಣ್ಣಿಗೇ ಅಂಟಿಸದೆ ಅದಕ್ಕೆ ಸುತ್ತುವುದು ಇಲ್ಲವೇ ಕಟ್ಟುವುದು. ಬಾಳೆ ಚಿಪ್ಪಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಒಂದು ಚಿಪ್ಪಿಗೆ ಒಂದೇ ಪಟ್ಟಿ, ಹನ್ನೆರಡು ಸ್ಟಿಕ್ಕರ್ ಉಳಿಯಿತು. ಸೊಪ್ಪಿನ ಕಟ್ಟಿಗೆ ಬಾಳೆನಾರಿನ ಜೊತೆ ಚೀಟಿ ಸಿಕ್ಕಿಸಬಹುದು. ತೊಟ್ಟು ಇರುವ ತರಕಾರಿಗೆ ತೊಟ್ಟಿಗೇ ಕಾಗದದ ಉಂಗುರ ಹಾಕಬಹುದು.

ಇಲ್ಲಿ ಉಡುಪಿಯ ಮಟ್ಟುಗುಳ್ಳ ನೆನಪಾಗುತ್ತದೆ. ಆ ಬದನೆಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬೇರೆ ಕಡೆಯ ಗುಂಡು ಬದನೆಯನ್ನು ಮಟ್ಟುಗುಳ್ಳ ಅಂತ ಮಾರುವವರೂ ಇದ್ದಾರೆ. ಹಾಗಾಗಿ ಬೆಳೆಗಾರರು ಕಾಯಿಗೆ ಸ್ಟಿಕ್ಕರ್ ಹಾಕಿ ಮಾರುವುದು ನನಗೆ ತಪ್ಪು ಅನ್ನಿಸುವುದಿಲ್ಲ. ಇದು ‘ಬೆಸ್ಟ್ ಕ್ವಾಲಿಟಿ’ ಅಲ್ಲ. ಯಾವ ಊರಿನ ಮಣ್ಣಿನಲ್ಲಿ ಬೆಳೆದದ್ದು ಅಂತ ಹೇಳುವ ಗುರುತು. ಇಂಥ ಕಡೆ ಕೇಳಬೇಕಾದ್ದು ಗುರುತು ಬೇಕಾ ಅಂತಲ್ಲ, ಪ್ಲಾಸ್ಟಿಕ್ಕೇ ಆಗಬೇಕಾ ಅಂತ. ಮಟ್ಟುಗುಳ್ಳದ ತೊಟ್ಟು ದಪ್ಪ, ಮುಳ್ಳೂ ಇರುತ್ತದೆ, ಉಂಗುರ ಜಾರುವುದಿಲ್ಲ. ಆದರೆ ಗುಳ್ಳ ಗುಳ್ಳಕ್ಕೂ ಉಂಗುರ ಹಾಕುವ ಕೂಲಿ ಸ್ಟಿಕ್ಕರ್‌ಗಿಂತ ಜಾಸ್ತಿ ಬೀಳುತ್ತದೆ, ಅದನ್ನು ಮರೆಯಬಾರದು.

ದಾಳಿಂಬೆ, ಸಪೋಟ, ಸೀಬೆ ಬೆಳೆಗಾರರ ಗುಂಪು ದೇಶದೊಳಗಿನ ಮಾರುಕಟ್ಟೆಗೆ ಕಳಿಸುವುದಾದರೆ ಹಣ್ಣಿಗೆ ಬೇಡವೇ ಬೇಡ, ಪೆಟ್ಟಿಗೆಗೆ ಹಾಕಿ. ತೋಟದ ಹೆಸರು, ಕೊಯ್ದ ದಿನ, ಗ್ರೇಡ್. ಮಂಡಿಯಲ್ಲಿ ಹಣ್ಣು ಕೆಟ್ಟಿತ್ತು ಅಂತ ಯಾರಾದರೂ ಫೋನ್ ಮಾಡಿದರೆ ಯಾವ ತೋಟದ್ದು ಅಂತ ಹುಡುಕಲು ಅಷ್ಟು ಸಾಕು. ಪೆಟ್ಟಿಗೆ ಬಿಚ್ಚಿದ ಮೇಲೆ ಗುರುತು ಹೋಗುತ್ತದೆ, ನಿಜ. ಚಿಲ್ಲರೆ ಗಿರಾಕಿಗೆ ನಿಮ್ಮ ಹೆಸರು ಗೊತ್ತಾಗಲೇಬೇಕು ಅಂತಿದ್ದರೆ ಮಾತ್ರ ಮುಂದಿನದನ್ನು ಓದಿ.

ಗೊಬ್ಬರವಾಗುವ ಸ್ಟಿಕ್ಕರ್

ಕೇಳಲು ಇದೇ ಚಂದ. ಮೆಷಿನ್ ಬದಲಿಸಬೇಕಿಲ್ಲ, ಅಭ್ಯಾಸ ಬದಲಿಸಬೇಕಿಲ್ಲ, ರೋಲ್ ಮಾತ್ರ ಬದಲಿಸಿದರೆ ಆಯಿತು. ಮೋಸ ಹೋಗುವವರು ಜಾಸ್ತಿ ಇರುವುದೂ ಇಲ್ಲೇ.

ಸ್ಟಿಕ್ಕರ್ ಅಂದರೆ ಒಂದೇ ವಸ್ತು ಅಲ್ಲ. ಮೇಲಿನ ಹಾಳೆ, ಅದರ ಮೇಲಿನ ಶಾಯಿ, ಕೆಳಗಿನ ಅಂಟು, ಈ ಮೂರೂ ಕರಗಬೇಕು. ಹಾಳೆ ಮರದ ನಾರಿನದು ಇರಬಹುದು, ಪಿಎಲ್‌ಎ ಅನ್ನುವ, ಜೋಳದಂಥ ಬೆಳೆಯಿಂದ ಮಾಡುವ ಪ್ಲಾಸ್ಟಿಕ್ ಇರಬಹುದು. ಅಂಟು ಹಳೆಯದೇ ಆದರೆ ಅರ್ಧ ಕೆಲಸ. ‘ಪೇಪರ್ ಸ್ಟಿಕ್ಕರ್’ ಅಂತ ಕೊಡುವುದರಲ್ಲಿ ತೇವ ತಡೆಯಲು ತೆಳ್ಳಗೆ ಪ್ಲಾಸ್ಟಿಕ್ ಬಳಿದಿರುವುದೂ ಉಂಟು. ಹರಿದು ನೋಡಿ. ಅಂಚಿನಲ್ಲಿ ಹೊಳೆಯುವ ಪೊರೆ ಎದ್ದರೆ ಅದು ಕಾಗದದ ವೇಷ ಹಾಕಿದ ಪ್ಲಾಸ್ಟಿಕ್.

ಎರಡನೇ ತೊಡಕು, ಎಲ್ಲಿ ಗೊಬ್ಬರವಾಗುತ್ತದೆ ಅನ್ನುವುದು. ದೊಡ್ಡ ಗೊಬ್ಬರ ಘಟಕದಲ್ಲಿ ರಾಶಿ 58 ಡಿಗ್ರಿ ಹತ್ತಿರ ಕಾಯುತ್ತದೆ. ನಮ್ಮ ಬಾಲ್ಕನಿ ಮಡಕೆ ಅಷ್ಟು ಕಾಯುವುದಿಲ್ಲ. ಇವೆರಡಕ್ಕೂ ಬೇರೆ ಬೇರೆ ಪ್ರಮಾಣಪತ್ರ ಇದೆ. ನಮ್ಮಲ್ಲಿ ಗೊಬ್ಬರವಾಗುವ ಪ್ಲಾಸ್ಟಿಕ್ ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ಆಧಾರ ಐಎಸ್/ಐಎಸ್‌ಒ 17088 ಅನ್ನುವ ಮಾನದಂಡ, ಅದು ದೊಡ್ಡ ಘಟಕದ ಬಿಸಿಗೆ ಮಾಡಿದ್ದು. ಮನೆ ಮಡಕೆಯಲ್ಲೂ ಕರಗಬೇಕು ಅಂದರೆ ‘ಓಕೆ ಕಾಂಪೋಸ್ಟ್ ಹೋಮ್’ ಥರದ ಗುರುತು ಕೇಳಬೇಕು. ಬರೀ ‘ಬಯೋ’ ಅನ್ನುವ ಪದಕ್ಕೆ ಬೆಲೆ ಕೊಡಬೇಡಿ.

ನಾನು ಸುಮ್ನೆ ಒಂದು ಪ್ರಯೋಗ ಮಾಡಿದೆ. ಹಳೇ ಸೊಳ್ಳೆಪರದೆಯ ತುಂಡಿನಲ್ಲಿ ಮೂರು ಚಿಕ್ಕ ಗಂಟು ಕಟ್ಟಿದೆ. ಒಂದರಲ್ಲಿ ಮಾಮೂಲಿ ಸ್ಟಿಕ್ಕರ್, ಒಂದರಲ್ಲಿ ಪೇಪರ್ ಸ್ಟಿಕ್ಕರ್, ಒಂದರಲ್ಲಿ ‘ಗೊಬ್ಬರವಾಗುತ್ತೆ ಸಾರ್’ ಅಂತ ಒಬ್ಬ ವ್ಯಾಪಾರಿ ಕೊಟ್ಟ ಮಾದರಿ. ಮಡಕೆಯ ನಡುವೆ ಹೂತಿಟ್ಟೆ. ಆರು ತಿಂಗಳಾದ ಮೇಲೆ ಮೊದಲನೆಯದು ತೊಳೆದರೆ ಮತ್ತೆ ಅಂಟಿಸಬಹುದು ಅನ್ನುವಷ್ಟು ಗಟ್ಟಿ. ಎರಡನೆಯದರಲ್ಲಿ ಕಾಗದ ಹೋಗಿ ಈರುಳ್ಳಿ ಪೊರೆಯಂಥ ಹಾಳೆ ಉಳಿದಿತ್ತು. ಮೂರನೆಯದು ಚೂರುಚೂರಾಗಿತ್ತು, ಕರಗಿರಲಿಲ್ಲ. ಪ್ರಮಾಣಪತ್ರ ಕಳಿಸಿ ಅಂತ ಕೇಳಿದೆ. ಅವರು ಕೈಮುಗಿಯುವ ಚಿತ್ರ ಕಳಿಸಿದರು.

ಸರಿಯಾದ ಪ್ರಮಾಣಪತ್ರ ಇರುವ ಸ್ಟಿಕ್ಕರ್ ಖಂಡಿತ ಇದೆ, ಬೆಲೆ ಮಾತ್ರ ಪ್ಲಾಸ್ಟಿಕ್ಕಿಗಿಂತ ಜಾಸ್ತಿ. ಕೊಳ್ಳುವ ಮೊದಲು ಐವತ್ತು ಹಣ್ಣಿಗೆ ಅಂಟಿಸಿ ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು, ಹೊರತಂದು ಬೆವರಲು ಬಿಡಿ. ಎಷ್ಟು ಉದುರಿದವು ಎಣಿಸಿ. ಕರಗುವ ಗುಣ ಇರುವ ಅಂಟು ತೇವಕ್ಕೆ ಸ್ವಲ್ಪ ಬೇಗ ಸೋಲುವ ಸಾಧ್ಯತೆ ಇದೆ. ರಫ್ತಿನ ಪೆಟ್ಟಿಗೆ ವಾರಗಟ್ಟಲೆ ತಣ್ಣಗಿರುವುದರಿಂದ ಇದು ಮುಖ್ಯ.

ಲೇಸರ್ ಗುರುತು

ಸಿಪ್ಪೆಯ ಮೇಲ್ಪದರದ ಬಣ್ಣವನ್ನು ಬೆಳಕಿನಿಂದ ತೆಗೆದು ಅಕ್ಷರ ಮೂಡಿಸುವುದು. ಒಳಗಿನ ತಿರುಳಿಗೆ ತಾಕುವುದಿಲ್ಲ. ಅಂಟಿಲ್ಲ, ಶಾಯಿಯಿಲ್ಲ, ಕಸವೂ ಇಲ್ಲ, ಕಿತ್ತು ಇನ್ನೊಂದಕ್ಕೆ ಅಂಟಿಸುವ ಹಾಗೂ ಇಲ್ಲ. ಅಮೆರಿಕದಲ್ಲಿ 2012ರಲ್ಲೇ ಇದಕ್ಕೆ ಅನುಮತಿ ಸಿಕ್ಕಿತು. 2016ರ ಕೊನೆಗೆ ನೆದರ್‌ಲ್ಯಾಂಡ್ಸ್‌ನ ಸಾವಯವ ಹಣ್ಣಿನ ಕಂಪನಿ ಇಯೋಸ್ಟಾ ಮತ್ತು ಸ್ವೀಡನ್ನಿನ ಸೂಪರ್‌ಮಾರ್ಕೆಟ್ ಸರಪಳಿ ಐಸಿಎ ಸೇರಿ ಸಾವಯವ ಬೆಣ್ಣೆಹಣ್ಣು, ಸಿಹಿಗೆಣಸಿಗೆ ಲೇಸರ್ ಹಾಕಿ ಮಾರಿದವು. ಮೊದಲು ಸಾವಯವವನ್ನೇ ಯಾಕೆ ಆರಿಸಿದರು? ನಾನು ಮೇಲೆ ಹೇಳಿದ ಬೆರೆಯುವ ತೊಂದರೆ, ಪ್ಲಾಸ್ಟಿಕ್ ಸುತ್ತುವ ತೊಂದರೆ, ಅದಕ್ಕೇ.

ಎಲ್ಲ ಹಣ್ಣಿಗೂ ಇದು ಆಗುವುದಿಲ್ಲ. ಬೆಣ್ಣೆಹಣ್ಣು, ಗೆಣಸು, ಶುಂಠಿ, ತೆಂಗಿನಕಾಯಿ ಸುಲಭ. ಕಿತ್ತಳೆ ಜಾತಿಯ ಸಿಪ್ಪೆಯಲ್ಲಿ ಗುರುತು ಸರಿಯಾಗಿ ನಿಲ್ಲುವುದಿಲ್ಲ, ಬಣ್ಣ ಎದ್ದು ಕಾಣಲು ಏನಾದರೂ ಬಳಿಯಬೇಕಾಗುತ್ತದೆ. ಯುರೋಪಿನಲ್ಲಿ 2013ರಲ್ಲಿ ಕಿತ್ತಳೆ ಜಾತಿ, ಕರ್ಬೂಜ, ದಾಳಿಂಬೆಗೆ ಅಂಥ ಲೇಪಕ್ಕೆ ಒಪ್ಪಿಗೆ ಕೊಟ್ಟರು. ಟೊಮೆಟೊದಂಥ ತೆಳು ಸಿಪ್ಪೆ ಆದರೆ ಗುರುತಿನ ಜಾಗದಿಂದ ನೀರು ಆರಿ ಸುಕ್ಕು ಬೀಳುವ ಭಯ.

ಬೆಲೆ? ಯಂತ್ರ ಲಕ್ಷಗಳ ಮಾತು. ಆಮೇಲೆ ಒಂದೊಂದು ಗುರುತಿಗೆ ಬರೀ ಕರೆಂಟು. ಹಾಗಾಗಿ ವರ್ಷವಿಡೀ ಸಾಲಾಗಿ ಮಾಲು ಹರಿಯುವ ದೊಡ್ಡ ಪ್ಯಾಕ್‌ಹೌಸ್‌ಗೆ ಲೆಕ್ಕ ಕೂಡುತ್ತದೆ. ವರ್ಷಕ್ಕೆ ಮೂರು ತಿಂಗಳು ಕೊಯ್ಲು ಇರುವ ಗುಂಪಿಗೆ ಯಂತ್ರ ಒಂಬತ್ತು ತಿಂಗಳು ಮೂಲೆಯಲ್ಲಿ ಕೂರುತ್ತದೆ. ಬೇರೆಯವರ ಯಂತ್ರದಲ್ಲಿ ಕೆಲಸ ಮಾಡಿಸಲು ಸಾಧ್ಯವಾದರೆ ನೋಡಿ.

ತಿನ್ನಬಹುದಾದ ಶಾಯಿಯಲ್ಲಿ ಹಣ್ಣಿನ ಮೇಲೇ ಒತ್ತುವ ಮುದ್ರೆ ಬಗ್ಗೆಯೂ ಕೆಲವರು ಕೇಳಿದರು. ತೆಂಗಿನಕಾಯಿ, ಚಕ್ಕೋತದಂಥ ದಪ್ಪ ಸಿಪ್ಪೆಗೆ ಯೋಚಿಸಬಹುದು. ಹಣ್ಣಿಗೆ ಬಣ್ಣ ಹಚ್ಚುವ ವಿಷಯದಲ್ಲಿ ನಮ್ಮ ಆಹಾರ ನಿಯಮ ಬಿಗಿ, ಅದಕ್ಕೇ ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಯನ್ನು ಕೇಳದೆ ಕೈ ಹಾಕಬೇಡಿ.

ಹಾಗಾದರೆ ಹಿರಿಯೂರಿನವರಿಗೆ?

ಹಣ್ಣು ಬೆಂಗಳೂರಿಗೆ, ಚೆನ್ನೈಗೆ ಹೋಗುವುದಾದರೆ ಪೆಟ್ಟಿಗೆ ಚೀಟಿ. ಉಳಿದ ದುಡ್ಡಿನಲ್ಲಿ ಪೆಟ್ಟಿಗೆಯೊಳಗೆ ಕುಷನ್ ಒಳ್ಳೆಯದು ಹಾಕಿ. ಸಿಪ್ಪೆ ತರಚದೆ ಬಂದ ಹಣ್ಣು ಯಾವ ಸ್ಟಿಕ್ಕರ್‌ಗಿಂತಲೂ ಜಾಸ್ತಿ ಬೆಲೆ ತರುತ್ತದೆ.

ಯುರೋಪಿಗೆ ಕಳಿಸುವ ಯೋಚನೆ ಇದ್ದರೆ ಲೆಕ್ಕ ಬೇರೆ. ಫ್ರಾನ್ಸ್‌ನಲ್ಲಿ 2022ರ ಜನವರಿ 1ರಿಂದಲೇ ಹಣ್ಣು ತರಕಾರಿಗೆ ನೇರವಾಗಿ ಸ್ಟಿಕ್ಕರ್ ಅಂಟಿಸುವಂತಿಲ್ಲ, ಮನೆಯಲ್ಲೇ ಗೊಬ್ಬರವಾಗುವಂಥದ್ದು ಆದರೆ ಮಾತ್ರ ಸರಿ. ಇಡೀ ಯುರೋಪಿಯನ್ ಒಕ್ಕೂಟದಲ್ಲಿ 2028ರ ಫೆಬ್ರವರಿ 12ರಿಂದ ಹಣ್ಣಿನ ಸ್ಟಿಕ್ಕರ್ ಕನಿಷ್ಠ ಪಕ್ಷ ದೊಡ್ಡ ಘಟಕದಲ್ಲಾದರೂ ಗೊಬ್ಬರವಾಗಲೇಬೇಕು. ಕೆಲವು ದೇಶಗಳು ಮನೆ ಗೊಬ್ಬರದ ಗುಣವನ್ನೂ ಕೇಳಬಹುದು. ಹಾಗಾಗಿ ಒಂದೇ ರೋಲ್ ಎಲ್ಲ ಕಡೆ ನಡೆಯಬೇಕಾದರೆ ಮನೆ ಗೊಬ್ಬರದ ಪ್ರಮಾಣಪತ್ರ ಇರುವುದನ್ನೇ ಹುಡುಕಿ. ಅಲ್ಲಿನ ಕೊಳ್ಳುವವರನ್ನು ಮೊದಲು ಕೇಳಿ, ಹಣ್ಣಿಗೆ ಸ್ಟಿಕ್ಕರ್ ಬೇಕೇ ಬೇಕಾ ಅಂತ. ಬೇಡ ಅಂದರೆ ಎಲ್ಲಕ್ಕಿಂತ ಅಗ್ಗದ್ದು ಅದೇ. ಹಳೇ ಪ್ಲಾಸ್ಟಿಕ್ ಸ್ಟಿಕ್ಕರ್ ಅಗ್ಗಕ್ಕೆ ಸಿಗುತ್ತೆ ಅಂತ ಎರಡು ವರ್ಷಕ್ಕಾಗುವಷ್ಟು ಈಗ ಪ್ರಿಂಟ್ ಮಾಡಿಸಿ ಇಟ್ಟುಕೊಳ್ಳಬೇಡಿ.

ಮೈಸೂರಿನವರು ನಾನು ಹೇಳಿದ ಹಾಗೆ ಹಲಗೆ ಇಟ್ಟು ಸೀಮೆಸುಣ್ಣದಲ್ಲಿ ಬರೆಯಲು ಶುರು ಮಾಡಿದ್ದಾರೆ. ‘ಸೋಮವಾರ ಬಂದದ್ದು’ ಅಂತ ಬರೆದರೆ ಬುಧವಾರ ಗಿರಾಕಿಗಳು ಚೌಕಾಸಿ ಮಾಡ್ತಾರೆ ಅಂತ ಅವರ ತಕರಾರು. ಅದು ನ್ಯಾಯವಾದ ತಕರಾರೇ. ಈಗ ದಿನದ ಬದಲು ಊರಿನ ಹೆಸರು ಮಾತ್ರ ಬರೆಯುತ್ತಾರೆ. ಉಳಿದ ಎರಡು ರೋಲ್ ಏನು ಮಾಡಲಿ ಅಂತ ಕೇಳಿದ್ದರು. ನಾನು ಉತ್ತರ ಕೊಡುವಷ್ಟರಲ್ಲಿ ಅವರ ಮಗಳು ಶಾಲೆಯ ನೋಟ್‌ಬುಕ್‌ಗೆಲ್ಲ ‘ಎಕ್ಸ್‌ಪೋರ್ಟ್ ಕ್ವಾಲಿಟಿ’ ಅಂಟಿಸಿಕೊಂಡು ಮುಗಿಸಿದ್ದಳಂತೆ.